ಮಳೆಯ ಲೆಕ್ಕವೂ ಒಂದು ಅಮಾನತ್

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ವಿಜ್ಞಾನ ವಿದ್ಯಾರ್ಥಿಗಳನ್ನು ಕುರಿತು ಮಾಡಿದ ಭಾಷಣದ ಬರಹ ರೂಪ)

ಪರಮ ದಯಾಮಯನಾದ ಅಲ್ಲಾಹನ ನಾಮದಿಂದ ನನ್ನ ಮಾತುಗಳನ್ನು ಆರಂಭಿಸುತ್ತೇನೆ.



ಕಾರ್ಯಕ್ರಮ ಶುರುವಾಗುವ ಮುಂಚೆ ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತನಾಡಿಸಿದರು. ಅಡಿಕೆ ತೋಟಗಳನ್ನು ಚೇಣಿಗೆ ಹಿಡಿಯುವವರು. ಅವರ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. "ಸಾರ್, ನಮ್ಮ ಹುಡುಗಿ ಹವಾಮಾನದ ಮೇಲೆ ರಿಸರ್ಚ್ ಮಾಡ್ತೀನಿ ಅಂತಾಳೆ. ಅದೆಲ್ಲ ನಮ್ಮಂಥವರಿಗೆ ಆಗೋ ಕೆಲಸಾನಾ? ಅದರಲ್ಲಿ ಹೊಟ್ಟೆ ತುಂಬುತ್ತಾ?" ಎಂದು ಕೇಳಿದರು. ನಾನು ಬೇರೇನೋ ಮಾತನಾಡಲು ಸಿದ್ಧನಾಗಿ ಬಂದಿದ್ದೆ. ಅವರ ಪ್ರಶ್ನೆ ಕೇಳಿದ ಮೇಲೆ ಅದಕ್ಕೇ ಉತ್ತರ ಹೇಳುವುದು ಒಳ್ಳೆಯದೆನಿಸಿತು. ಆದ್ದರಿಂದ ಇಂದಿನ ನನ್ನ ವಿಷಯ ಇಷ್ಟೇ: ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ತಂಡವೊಂದನ್ನು ನಮ್ಮ ಶಿವಮೊಗ್ಗದ, ಭದ್ರಾವತಿಯ ಹುಡುಗ ಹುಡುಗಿಯರು ಸೇರಬಹುದೇ? ಸೇರಬೇಕಾದರೆ ಏನು ಬೇಕು?

ಮೊದಲು ಎರಡು ಮಾತುಗಳ ವ್ಯತ್ಯಾಸ ತಿಳಿದುಕೊಳ್ಳೋಣ. ಇವತ್ತು ಮಳೆ ಬರುತ್ತದೆಯೇ, ನಾಳೆ ಬಿಸಿಲೇ ಎಂಬುದು ದಿನದ ಹವೆ. ಒಂದು ಊರಿನಲ್ಲಿ ಸುಮಾರು ಮೂವತ್ತು ವರ್ಷಗಳ ಹವೆಯ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಗುವ ಸ್ವಭಾವ ವಾಯುಗುಣ. ಒಬ್ಬ ಮನುಷ್ಯ ಒಂದು ದಿನ ಸಿಟ್ಟಾದರೆ ಅವನು ಸಿಡುಕ ಎನ್ನುವುದಿಲ್ಲ. ವರ್ಷಗಟ್ಟಲೆ ಜೊತೆಗಿದ್ದು ನೋಡಿದ ಮೇಲೆ ಅವನ ಗುಣ ಹೇಳುತ್ತೇವೆ. ಊರಿನ ಹವೆಯ ವಿಷಯದಲ್ಲಿಯೂ ಹಾಗೆಯೇ.

2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ತುಂಗೆ ಉಕ್ಕಿ ಶಿವಮೊಗ್ಗದ ನದಿ ಪಕ್ಕದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ನಮ್ಮಲ್ಲೇ ಎಷ್ಟೋ ಮನೆಗಳವರು ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕಗಳನ್ನು ಕಳೆದುಕೊಂಡರು. ನಾಲ್ಕೇ ವರ್ಷ ಕಳೆದು 2023 ಬಂತು. ಆ ವರ್ಷದ ಆಗಸ್ಟ್, 1901ರಿಂದ ಇಟ್ಟಿರುವ ಲೆಕ್ಕದಲ್ಲಿ ಇಡೀ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಯಿತು. ಕರ್ನಾಟಕ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಬೋರ್‌ವೆಲ್‌ಗಳು ಬತ್ತಿದವು, ತೋಟಗಳಿಗೆ ಟ್ಯಾಂಕರ್ ನೀರು ಹೊಡೆಯಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಗೆ ಎಲೆಚುಕ್ಕಿ ರೋಗವೂ ಹಬ್ಬಿದೆ. ಇದು ತೋಟದ ಯಜಮಾನರೊಬ್ಬರ ಕಷ್ಟವಲ್ಲ. ಫಸಲು ಬರುವ ಮುಂಚೆಯೇ ಹಣ ಕಟ್ಟಿ ಚೇಣಿ ಹಿಡಿದವರು, ಸುಲಿಯುವ ಹೆಂಗಸರು, ಮಂಡಿಯಲ್ಲಿ ಮೂಟೆ ಹೊರುವವರು, ಲಾರಿ ಓಡಿಸುವವರು ಎಲ್ಲರಿಗೂ ಬಿದ್ದ ಪೆಟ್ಟು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಒಂದು ನೆರೆಯನ್ನೋ ಒಂದು ಬರವನ್ನೋ ತೋರಿಸಿ "ನೋಡಿ, ಭೂಮಿ ಬಿಸಿಯಾಗಿದ್ದರಿಂದಲೇ ಹೀಗಾಯಿತು" ಎಂದು ಭಾಷಣ ಮಾಡುವುದು ಸುಲಭ. ವಿಜ್ಞಾನಿ ಹಾಗೆ ಹೇಳುವುದಿಲ್ಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು ಎಂಬುದು ಭೌತಶಾಸ್ತ್ರದ ನಿಯಮ. ಆದ್ದರಿಂದ ಸುರಿದಾಗ ಜೋರಾಗಿ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಇಂಥ ಊರಿನ ಇಂಥ ದಿನದ ಮಳೆಯಲ್ಲಿ ಭೂಮಿಯ ಬಿಸಿಯ ಪಾಲೆಷ್ಟು, ಮುಂಗಾರಿನ ಎಂದಿನ ಏರಿಳಿತದ ಪಾಲೆಷ್ಟು, ರಾಜಕಾಲುವೆ ಮುಚ್ಚಿದ ನಮ್ಮ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕು. ಸಂಶೋಧನಾ ತಂಡದ ಕೆಲಸ ಅದು.

ಈ ಕೆಲಸಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೂರು ಕಿಲೋಮೀಟರಿನ ಒಳಗೇ ಇರುವ ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಒಂದು ಸಣ್ಣ ಪಾಲು. ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಬರುವಾಗ ಗಾಳಿಯ ಕೈ ಬಹುಪಾಲು ಖಾಲಿಯಾಗಿರುತ್ತದೆ. ಬೇರೆ ದೇಶದ ವಿದ್ಯಾರ್ಥಿ ಪುಸ್ತಕದ ಚಿತ್ರದಲ್ಲಿ ನೋಡುವುದನ್ನು ನೀವು ತೀರ್ಥಹಳ್ಳಿಯ ಬಸ್ಸಿನ ಕಿಟಕಿಯಿಂದ ನೋಡುತ್ತೀರಿ.

ಭದ್ರಾವತಿಯ ಮಕ್ಕಳಿಗೆ ಇನ್ನೊಂದು ಪಾಠ ಮನೆಯ ಅಂಗಳದಲ್ಲೇ ಇದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿತು. ಹತ್ತಿರದಲ್ಲಿ ಕಲ್ಲಿದ್ದಲಿನ ಗಣಿ ಇರಲಿಲ್ಲ. ಆದ್ದರಿಂದ ಮಲೆನಾಡಿನ ಕಾಡಿನ ಮರವನ್ನು ಇದ್ದಿಲು ಮಾಡಿ ಆ ಕುಲುಮೆ ಉರಿಸಿದರು. ಆಮೇಲೆ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸಲುವಾಗಿ ಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಬೆಳೆದವು. ಗಾಳಿಯಲ್ಲಿದ್ದ ಇಂಗಾಲ ಮರವಾಗುವುದು, ಮರ ಇದ್ದಿಲಾಗುವುದು, ಇದ್ದಿಲು ಉರಿದು ಮತ್ತೆ ಗಾಳಿ ಸೇರುವುದು, ಇದನ್ನೇ ವಿಜ್ಞಾನದಲ್ಲಿ ಇಂಗಾಲದ ಚಕ್ರ ಎನ್ನುತ್ತಾರೆ. ಕಾರ್ಖಾನೆಯನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ನಾನೂ ಭದ್ರಾವತಿಯ ಕಾರ್ಮಿಕರೊಬ್ಬರ ಮಗ. ಆ ಕುಲುಮೆಗಳ ಅನ್ನ ಉಂಡೇ ನಾವೆಲ್ಲ ಓದಿದ್ದು. ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಾಗ ನಮ್ಮ ಮನೆಗಳಲ್ಲಿ ಏನಾಯಿತೆಂಬುದು ನಿಮಗೂ ಗೊತ್ತಿದೆ. ಹೊಗೆಯೂ ಕಡಿಮೆಯಾಗಬೇಕು, ಒಲೆಯೂ ಉರಿಯಬೇಕು ಎಂಬ ಕಷ್ಟದ ಲೆಕ್ಕವನ್ನು ದೂರದ ಊರಿನವರಿಗಿಂತ ಭದ್ರಾವತಿಯ ಮಕ್ಕಳು ಚೆನ್ನಾಗಿ ಬಲ್ಲರು. ಆ ತಿಳಿವಳಿಕೆಯೂ ಸಂಶೋಧನೆಗೆ ಬೇಕು.

ಈಗ ಸಂಶೋಧನಾ ತಂಡವೆಂದರೆ ಏನು ಎಂದು ನೋಡೋಣ. ಒಬ್ಬ ಪ್ರಾಧ್ಯಾಪಕರು ಇರುತ್ತಾರೆ. ಅವರ ಮಾರ್ಗದರ್ಶನದಲ್ಲಿ ನಾಲ್ಕೋ ಆರೋ ಪಿಎಚ್.ಡಿ. ವಿದ್ಯಾರ್ಥಿಗಳು, ಒಂದಿಬ್ಬರು ಪ್ರಾಜೆಕ್ಟ್ ಸಹಾಯಕರು, ಬೇಸಿಗೆಯಲ್ಲಿ ಎರಡು ತಿಂಗಳಿಗೆಂದು ಬಂದ ಪದವಿ ವಿದ್ಯಾರ್ಥಿಗಳು. ವಾರಕ್ಕೊಮ್ಮೆ ಎಲ್ಲರೂ ಕುಳಿತು ಆ ವಾರ ಮಾಡಿದ ಕೆಲಸವನ್ನು ಮಂಡಿಸುತ್ತಾರೆ, ಉಳಿದವರು ತಪ್ಪು ಹುಡುಕುತ್ತಾರೆ. ಕೆಲವರು ಕಾಡಿಗೆ ಹೋಗಿ ಮರದ ಸುತ್ತಳತೆ ಅಳೆಯುತ್ತಾರೆ. ಕೆಲವರು ಹೊಳೆಯ ನೀರು, ಮಣ್ಣು ಪರೀಕ್ಷಿಸುತ್ತಾರೆ. ಹೆಚ್ಚಿನವರು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಭೂಮಿಯ ಮೇಲಿನ ಗಾಳಿಯನ್ನು ಚೌಕ ಚೌಕವಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಉಷ್ಣತೆ, ತೇವ, ಗಾಳಿಯ ವೇಗ ಹೇಗೆ ಬದಲಾಗುತ್ತದೆಂದು ಗಣಿತದ ಸಮೀಕರಣಗಳಿಂದ ಲೆಕ್ಕ ಹಾಕುವುದಕ್ಕೆ ಹವಾಮಾನ ಮಾದರಿ ಎನ್ನುತ್ತಾರೆ. ಈ ಮಾದರಿಗಳ ತಳಹದಿ ಹಾಕಿದವರಲ್ಲಿ ಒಬ್ಬರಾದ ಸ್ಯುಕುರೊ ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಆದರೆ ಎಷ್ಟೇ ದೊಡ್ಡ ಕಂಪ್ಯೂಟರ್ ಇದ್ದರೂ ಅದರ ಕೆಳಗೆ ಯಾರೋ ಒಬ್ಬರು ಕೈಯಾರೆ ಅಳೆದು ಬರೆದ ಅಂಕಿ ಇರಬೇಕು. ಅಮೆರಿಕದ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯಲಾರಂಭಿಸಿದರು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗ ಇತ್ತು. ನಡುವೆ 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ಅಳತೆ ನಿಂತೇಹೋಯಿತು. ಕೀಲಿಂಗ್ ಬಿಡಲಿಲ್ಲ, ಓಡಾಡಿ ಮತ್ತೆ ಶುರು ಮಾಡಿಸಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದರು. 2024ರಲ್ಲಿ ಆ ಅಳತೆಯ ವಾರ್ಷಿಕ ಸರಾಸರಿ 424 ದಾಟಿತ್ತು. ಇಡೀ ಪ್ರಪಂಚದ ಸರ್ಕಾರಗಳು ಇಂದು ಚರ್ಚಿಸುವ ವಿಷಯ ನಿಂತಿರುವುದು ಒಬ್ಬ ಮನುಷ್ಯ ಬೇಸರಪಡದೆ ಇಟ್ಟ ಲೆಕ್ಕದ ಮೇಲೆ.

ನಮ್ಮ ದೇಶದ ಅನ್ನಾ ಮಣಿಯವರ ಕಥೆಯನ್ನೂ ಹೆಣ್ಣುಮಕ್ಕಳು ತಿಳಿಯಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಪ್ರಬಂಧ ಬರೆದು ಒಪ್ಪಿಸಿದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಅವರು ಅಳುತ್ತ ಕೂರಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು ಬಂದು 1948ರಲ್ಲಿ ಭಾರತ ಹವಾಮಾನ ಇಲಾಖೆ ಸೇರಿದರು. ಅಲ್ಲಿಯವರೆಗೆ ಹೊರದೇಶದಿಂದ ಬರುತ್ತಿದ್ದ ಮಳೆಮಾಪಕ, ಉಷ್ಣಮಾಪಕಗಳನ್ನು ಇಲ್ಲಿಯೇ ಮಾಡಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿದರು. ತಪ್ಪು ಅಳತೆ ಕೊಡುವ ಉಪಕರಣಕ್ಕಿಂತ ಉಪಕರಣವೇ ಇಲ್ಲದಿರುವುದು ಮೇಲು ಎಂಬುದು ಅವರ ಪಟ್ಟು.

ಆ ಪಟ್ಟಿನ ಅರ್ಥ ನನಗೆ ತಿಳಿದದ್ದು ನಾನೇ ಒಂದು ತಪ್ಪು ಮಾಡಿದ ಮೇಲೆ. ವಿದ್ಯಾರ್ಥಿಯಾಗಿ ಒಂದು ಸಂಶೋಧನಾ ತಂಡಕ್ಕೆ ಸೇರಿದ ಮೊದಲ ತಿಂಗಳು. ಒಂದಷ್ಟು ಊರುಗಳ ಮುಂಗಾರು ಮಳೆಯ ಮೊತ್ತ ತೆಗೆಯುವ ಕೆಲಸ ಕೊಟ್ಟರು. ನನ್ನ ಕಂಪ್ಯೂಟರ್ ಒಂದು ಊರಿಗೆ ಸಾವಿರಾರು ಮಿಲಿಮೀಟರ್ ಮಳೆ "ಕಡಿಮೆ ಸೊನ್ನೆ" ಎಂದು ತೋರಿಸಿತು! ಆಕಾಶದಿಂದ ಮಳೆ ಬೀಳುವುದು ಬಿಟ್ಟು ಮೇಲಕ್ಕೆ ಹೋಗಿತ್ತು. ಹುಡುಕಿದಾಗ ಕಾರಣ ಸಿಕ್ಕಿತು. ಲೆಕ್ಕ ಬರೆಯದ ದಿನಗಳಿಗೆ ಕಡತದಲ್ಲಿ ಮೈನಸ್ 999 ಎಂಬ ಗುರುತು ಹಾಕಿರುತ್ತಾರೆ. ನಾನು ಅದನ್ನೂ ಮಳೆಯೆಂದೇ ಕೂಡಿಸಿದ್ದೆ. ಹತ್ತು ದಿನ ಲೆಕ್ಕ ಇಲ್ಲದಿದ್ದರೆ ಮೊತ್ತದಲ್ಲಿ 9,990 ಮಿಲಿಮೀಟರ್ ಕಳೆದುಹೋಗುತ್ತದೆ.

ನಾಚಿಕೆಯಾಯಿತು. ಯಾರಿಗೂ ಹೇಳದೆ ಆ ಗುರುತುಗಳನ್ನೆಲ್ಲ ಅಳಿಸಿ ಸೊನ್ನೆ ಹಾಕಿದೆ. ಈಗ ಉತ್ತರ ಚೆನ್ನಾಗಿಯೇ ಕಾಣುತ್ತಿತ್ತು. ವಾರದ ಸಭೆಯಲ್ಲಿ ಧೈರ್ಯವಾಗಿ ಮಂಡಿಸಿದೆ. ನಮ್ಮ ಗುರುಗಳು ಕೇಳಿದರು: "ಈ ಊರಿನಲ್ಲಿ ಜುಲೈ ತಿಂಗಳಲ್ಲಿ ಹತ್ತು ದಿನ ಮಳೆಯೇ ಇಲ್ಲ. ಅಕ್ಕಪಕ್ಕದ ಊರುಗಳಲ್ಲಿ ಸುರಿದಿದೆ. ಹೇಗೆ?" ನಾನು ನಡೆದದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ನಿನ್ನ ಮೊದಲನೇ ತಪ್ಪು ತಾನಾಗಿಯೇ ಸಿಕ್ಕಿಬೀಳುವಂಥದು, ಅದರಿಂದ ಅಪಾಯವಿಲ್ಲ. ಎರಡನೆಯದು ಸರಿಯಾಗಿರುವಂತೆ ಕಾಣುತ್ತದೆ, ಅದಕ್ಕೇ ಅಪಾಯ. ಮಳೆ ಬರಲಿಲ್ಲ ಎನ್ನುವುದೂ ನಾನು ನೋಡಲಿಲ್ಲ ಎನ್ನುವುದೂ ಒಂದೇ ಅಲ್ಲ ಕಣಪ್ಪ" ಎಂದರು.

ಅಂದು ರಾತ್ರಿ ನನಗೆ ಚಿಕ್ಕಂದಿನ ಮದರಸದ ಪಾಠ ನೆನಪಾಯಿತು. ಇಮಾಮ್ ಬುಖಾರಿಯವರಂಥ ಮಹನೀಯರು ಹದೀಸ್ ಸಂಗ್ರಹಿಸುವಾಗ ಮಾತನ್ನು ಮಾತ್ರ ನೋಡಲಿಲ್ಲ. ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು, ಇಬ್ಬರೂ ನಿಜವಾಗಿ ಭೇಟಿಯಾಗಿದ್ದರೇ, ಹೇಳಿದವರು ಸತ್ಯವಂತರೇ, ನೆನಪಿನ ಶಕ್ತಿ ಗಟ್ಟಿಯೇ ಎಂದು ಸನದನ್ನು ಪರೀಕ್ಷಿಸಿದರು. ಸರಪಳಿಯ ಒಂದು ಕೊಂಡಿ ಸಡಿಲವಾದರೂ ಹಾಗೆಂದು ಬರೆದಿಟ್ಟರು. ಈದ್ ಚಂದ್ರನ ವಿಷಯದಲ್ಲಿಯೂ ನಾವು ಸಾಕ್ಷಿ ಕೇಳುತ್ತೇವೆ. ಮೋಡ ಇತ್ತು, ಕಾಣಲಿಲ್ಲ ಎಂದರೆ ಕಾಣಲಿಲ್ಲ ಎಂದೇ ಹೇಳಬೇಕು. ಮಳೆಯ ಲೆಕ್ಕಕ್ಕೂ ಅಂಥದೇ ಸನದ್ ಇದೆ. ಯಾರು ಅಳೆದರು? ಎಷ್ಟು ಗಂಟೆಗೆ? ಮಳೆಮಾಪಕವನ್ನು ಯಾವ ವರ್ಷ ಬೇರೆ ಕಡೆಗೆ ಸ್ಥಳಾಂತರಿಸಿದರು? ಅದರ ಪಕ್ಕದಲ್ಲಿ ಮರ ಬೆಳೆಯಿತೇ, ಕಟ್ಟಡ ಎದ್ದಿತೇ? ಇದನ್ನೆಲ್ಲ ಕೇಳಿ ತಿಳಿದ ಮೇಲೆಯೇ ಆ ಅಂಕಿಯನ್ನು ನಂಬಬೇಕು. ಅಂಕಿ ನಮ್ಮ ಕೈಯಲ್ಲಿರುವ ಅಮಾನತ್. ನಮಗೆ ಬೇಕಾದ ಉತ್ತರ ಬರಲೆಂದು ಅದನ್ನು ತಿದ್ದಿದರೆ ಅದು ಖಿಯಾನತ್.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು "ನಾವು ಅಷ್ಟು ಬುದ್ಧಿವಂತರಲ್ಲ" ಎಂದು ಹಿಂದೆ ಸರಿಯುತ್ತೀರಿ. ಸಂಶೋಧನಾ ತಂಡಕ್ಕೆ ಬುದ್ಧಿವಂತರು ಬೇಕು, ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವ ಧೈರ್ಯವಿರುವವರು ಇನ್ನೂ ಹೆಚ್ಚು ಬೇಕು. ಅದನ್ನು ಯಾವ ಕೋಚಿಂಗ್ ಸೆಂಟರಿನವರೂ ಕಲಿಸುವುದಿಲ್ಲ. ಅದು ಮನೆಯಿಂದಲೇ ಬರಬೇಕು.

ಇನ್ನು ದಾರಿ ಯಾವುದು ಎಂದು ಹೇಳುತ್ತೇನೆ.

ಮೊದಲನೆಯದಾಗಿ, ಪಿ.ಯು.ಸಿ.ಯಲ್ಲಿ ಗಣಿತ ಬಿಡಬೇಡಿ. ಗಾಳಿಯ ಚಲನೆ ತಿಳಿಯಲು ಕಲನಶಾಸ್ತ್ರವೂ ಭೌತಶಾಸ್ತ್ರವೂ ಬೇಕು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂಗರ್ಭಶಾಸ್ತ್ರ, ಕೃಷಿ ಓದಿದವರಿಗೂ ಇಲ್ಲಿ ಜಾಗವಿದೆ, ಆದರೆ ಅಂಕಿ ಅಂಶಗಳನ್ನು ಕಂಡು ಹೆದರಬಾರದು.

ಎರಡನೆಯದು, ಕಂಪ್ಯೂಟರಿನಲ್ಲಿ ಪೈಥಾನ್ ಭಾಷೆ ಕಲಿಯಿರಿ. ಅದು ಉಚಿತ. ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಇಲ್ಲಿಯವರೆಗಿನ ದಿನ ದಿನದ ಮಳೆಯ ಲೆಕ್ಕವನ್ನು ಕಾಲು ಡಿಗ್ರಿಯ ಚೌಕಗಳಾಗಿ ಮಾಡಿ ಉಚಿತವಾಗಿ ಕೊಡುತ್ತದೆ. ಕಾಲು ಡಿಗ್ರಿ ಎಂದರೆ ಸುಮಾರು 27 ಕಿಲೋಮೀಟರ್. ನಮ್ಮ ಜಿಲ್ಲೆಯ ಚೌಕಗಳನ್ನು ತೆಗೆದು ನೋಡಿ. ಘಟ್ಟದ ಅಂಚಿನ ಭಾರಿ ಮಳೆಯೂ ಅದರ ಹಿಂದಿನ ಊರುಗಳ ಕಡಿಮೆ ಮಳೆಯೂ ಒಂದೇ ಚೌಕದಲ್ಲಿ ಸರಾಸರಿಯಾಗಿ ಕೂತುಬಿಡುತ್ತವೆ. ಆ ಊರುಗಳನ್ನು ಕಣ್ಣಾರೆ ಕಂಡಿರುವ ನಿಮಗೆ ತಕ್ಷಣ ಒಂದು ಪ್ರಶ್ನೆ ಹೊಳೆಯುತ್ತದೆ. ಸಂಶೋಧನೆ ಶುರುವಾಗುವುದು ಅಂಥ ಪ್ರಶ್ನೆಯಿಂದಲೇ.

ಮೂರನೆಯದು, ಹತ್ತಿರದ ಬಾಗಿಲನ್ನು ಮೊದಲು ತಟ್ಟಿ. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ. ಪರಿಸರ ವಿಜ್ಞಾನ, ಅನ್ವಯಿಕ ಭೂವಿಜ್ಞಾನ ಮುಂತಾದ ವಿಭಾಗಗಳು ಅಲ್ಲಿವೆ. ಬೋರ್ಡಿನ ಮೇಲೆ ಹವಾಮಾನ ಎಂಬ ಪದ ಇರಲೇಬೇಕೆಂದಿಲ್ಲ. ಕೆರೆಯ ಹೂಳು, ಕಾಡಿನ ಇಂಗಾಲ, ಅಂತರ್ಜಲ, ಅಡಿಕೆಯ ರೋಗ ಇವೆಲ್ಲವೂ ಹವಾಮಾನದ ಕೆಲಸವೇ. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೂ ಇದೆ. ಅಲ್ಲಿಂದ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರವಿದೆ, 2009ರಿಂದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರವಿದೆ. ಪುಣೆಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಿದೆ. ಬೆಂಗಳೂರಿನ ಆ ಸಂಸ್ಥೆಯಲ್ಲಿ 1973ರಿಂದ ದುಡಿದ ಸುಲೋಚನಾ ಗಾಡ್ಗೀಳ್ ಅವರು ಮುಂಗಾರಿನ ಬಗ್ಗೆ ಜಗತ್ತು ಮೆಚ್ಚುವ ಸಂಶೋಧನೆ ಮಾಡಿದರು. ಅದೇ ವಿಜ್ಞಾನವನ್ನು ಹಿಡಿದುಕೊಂಡು ಪಾವಗಡದ ಕಡಲೆಕಾಯಿ ಬೆಳೆಗಾರರ ಬಳಿಗೆ ಹೋಗಿ, ಬಿತ್ತನೆಗೆ ಯಾವ ಕಾಲ ಒಳ್ಳೆಯದೆಂದು ಅವರ ಜೊತೆ ಕೂತು ಲೆಕ್ಕ ಹಾಕಿದರು. 2025ರಲ್ಲಿ ಅವರು ನಿಧನರಾದರು. ಅಡಿಕೆಗೆ ಅಂಥ ಕೆಲಸ ಮಾಡುವವರು ನಿಮ್ಮಲ್ಲಿ ಒಬ್ಬರಾಗಬಾರದೇಕೆ?

ನಾಲ್ಕನೆಯದು, ಬೇಸಿಗೆ ರಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಪದವಿ ವಿದ್ಯಾರ್ಥಿಗಳು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಖರ್ಚಿಗೆ ಹಣವನ್ನೂ ಕೊಡುತ್ತಾರೆ. ನಮ್ಮ ಕಾಲೇಜುಗಳಲ್ಲಿ ಇದರ ಸುದ್ದಿ ತಿಳಿಯುವುದೇ ಕಡೆಯ ದಿನ ಮುಗಿದ ಮೇಲೆ. ಸಂಘದ ಕಚೇರಿಯ ಫಲಕದಲ್ಲಿ ಇಂಥ ಪ್ರಕಟಣೆಗಳನ್ನು ಹಾಕುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಐದನೆಯದು, ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಬೇಡಿ. ಅದನ್ನು ಯಾರೂ ಓದುವುದಿಲ್ಲ. ಒಬ್ಬರ ಒಂದು ಲೇಖನವನ್ನು ಎರಡು ಮೂರು ಸಲ ಓದಿ. ಎಲ್ಲವೂ ಅರ್ಥವಾಗದಿದ್ದರೆ ಚಿಂತೆಯಿಲ್ಲ. ನಾನು ಇಂಥ ಕಾಲೇಜಿನಲ್ಲಿ ಇಂಥ ತರಗತಿಯಲ್ಲಿದ್ದೇನೆ, ನಿಮ್ಮ ಈ ಲೇಖನ ಓದಿದೆ, ಇದರಲ್ಲಿ ಇಂಥ ಮಾತು ತಿಳಿಯಿತು, ಇಂಥ ಮಾತು ತಿಳಿಯಲಿಲ್ಲ, ನನಗೆ ಇಷ್ಟು ಕಂಪ್ಯೂಟರ್ ಬರುತ್ತದೆ, ರಜೆಯಲ್ಲಿ ನಿಮ್ಮ ತಂಡದಲ್ಲಿ ಕಲಿಯಲು ಅವಕಾಶವಿದೆಯೇ ಎಂದು ಹತ್ತು ಸಾಲು ಬರೆಯಿರಿ. ಅಂಕಪಟ್ಟಿ ಲಗತ್ತಿಸಿ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಉತ್ತರ ಬಾರದಿದ್ದರೆ ಬೇಸರ ಬೇಡ, ಇನ್ನೊಬ್ಬರ ಲೇಖನ ಓದಿ. ಹೆಸರು ನೋಡಿ ಉತ್ತರ ಕೊಡಲಿಲ್ಲವೇನೋ ಎಂಬ ಅನುಮಾನ ನಮ್ಮ ಮಕ್ಕಳ ಮನಸ್ಸಿನಲ್ಲಿ ಬೇಗ ಬರುತ್ತದೆ. ಎಲ್ಲ ಜಾತಿ ಧರ್ಮದ ವಿದ್ಯಾರ್ಥಿಗಳಿಗೂ ಹತ್ತರಲ್ಲಿ ಎಂಟು ಪತ್ರಗಳಿಗೆ ಉತ್ತರ ಬರುವುದಿಲ್ಲ ಎಂಬುದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹೊಟ್ಟೆ ತುಂಬುತ್ತದೆಯೇ? ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಈ ದಾರಿ ಉದ್ದವಾದದ್ದು. ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ.ಗೆ ಸಾಮಾನ್ಯವಾಗಿ ಐದು ವರ್ಷ ಬೇಕು. ನೆಟ್ ಪರೀಕ್ಷೆ ಬರೆದು ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದರಲ್ಲಿ ಭೂಮಿ, ವಾಯುಮಂಡಲ, ಸಾಗರ ವಿಜ್ಞಾನಕ್ಕೆಂದೇ ಪ್ರತ್ಯೇಕ ಪತ್ರಿಕೆಯಿದೆ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಅದನ್ನು ನಂಬಿದ್ದ ಮನೆಗಳಿಗೆ ಇದು ದೊಡ್ಡ ನಷ್ಟ. ಆದ್ದರಿಂದ ನೆಟ್ ಮತ್ತು ಗೇಟ್ ಪರೀಕ್ಷೆಗಳಿಗೆ ನಾವು ಮೊದಲಿಗಿಂತ ಹೆಚ್ಚು ಗಟ್ಟಿಯಾಗಿ ತಯಾರಾಗಬೇಕು. ಈ ಸಂಘ ಒಂದು ಮದುವೆ ಮಂಟಪಕ್ಕೆ ಚಂದಾ ಎತ್ತುವ ಉತ್ಸಾಹದ ಅರ್ಧವನ್ನು ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಮೊದಲ ವರ್ಷದ ಖರ್ಚಿಗೆ ತೋರಿಸಿದರೆ ಸಾಕು. ಕೆಲಸದ ಮಾತು ಕೇಳಿದರೆ, ಹವಾಮಾನ ಇಲಾಖೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಕೃಷಿ ವಿಶ್ವವಿದ್ಯಾಲಯಗಳು, ಬೆಳೆ ವಿಮೆ, ಸೌರ ಮತ್ತು ಪವನ ವಿದ್ಯುತ್ ಕಂಪನಿಗಳು, ಬೋಧನೆ ಇಷ್ಟು ಕಡೆ ಈ ವಿದ್ಯೆ ಬೇಕಾಗಿದೆ. ಶ್ರೀಮಂತರಾಗುವಿರೆಂದು ಹೇಳಲಾರೆ. ಮರ್ಯಾದೆಯ ಬದುಕು ಇದೆ.

ಮಗಳನ್ನು ದೂರ ಕಳಿಸಬೇಕೇ ಎಂದು ತಾಯಂದಿರು ಕೇಳುತ್ತೀರಿ. ಒಮ್ಮೆ ನೀವೇ ಅವಳ ಜೊತೆ ಹೋಗಿ ಆ ವಿಭಾಗವನ್ನು, ಹಾಸ್ಟೆಲನ್ನು ನೋಡಿ ಬನ್ನಿ. ಅಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ಜೊತೆ ಮಾತನಾಡಿ. ನಮಾಝಿನ ಹೊತ್ತು, ಊಟ, ಉಡುಪಿನ ವಿಷಯಗಳನ್ನು ಅವಳು ಮೊದಲ ದಿನವೇ ವಿನಯದಿಂದ ತಿಳಿಸಲಿ. ನೋಡದೆ, ಕೇಳದೆ ಬೇಡ ಎನ್ನುವುದೂ ನಾನು ಖಾಲಿ ಜಾಗದಲ್ಲಿ ಸೊನ್ನೆ ಹಾಕಿದಂಥದೇ ತಪ್ಪು.

ಇಬ್ನ್ ಅಲ್-ಹೈಥಮ್, ಅಲ್-ಬಿರೂನಿ ಇವರ ಹೆಸರುಗಳನ್ನು ನಾವು ಪ್ರತಿ ಸಮಾರಂಭದಲ್ಲಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ನಮಗೆ ಹತ್ತಿರದ ಕಾಲದ ಇಬ್ಬರನ್ನೂ ನೆನೆಯೋಣ. ಈಜಿಪ್ಟಿನ ಮುಸ್ತಫಾ ತೋಲ್ಬಾ ಸಸ್ಯರೋಗಗಳ ವಿಜ್ಞಾನಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿ, ಓಜೋನ್ ಪದರವನ್ನು ಉಳಿಸಿದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳನ್ನು ಒಪ್ಪಿಸಿದವರು. ಬಾಂಗ್ಲಾದೇಶದ ಸಲೀಮುಲ್ ಹಖ್ ಸಸ್ಯಶಾಸ್ತ್ರ ಓದಿದವರು. ಮುಳುಗುವ ಹಳ್ಳಿಗಳ ಬಡವರ ನಷ್ಟವನ್ನು ಶ್ರೀಮಂತ ದೇಶಗಳು ಭರಿಸಬೇಕೆಂದು ಜೀವನಪರ್ಯಂತ ವಾದಿಸಿದರು. ಅಂಥ ನಿಧಿಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಅವರು ತೀರಿಕೊಂಡರು. ಇಬ್ಬರೂ ಕಲಿತದ್ದನ್ನು ಜನರ ಕೆಲಸಕ್ಕೆ ಹಚ್ಚಿದವರು.

ಕೊನೆಯದಾಗಿ ಒಂದು ಕೆಲಸ ಒಪ್ಪಿಸಿ ಹೋಗುತ್ತೇನೆ. ನೇರ ಗೋಡೆಯ, ಸಮತಟ್ಟಾದ ತಳದ ಒಂದು ಡಬ್ಬಿ ತೆಗೆದುಕೊಳ್ಳಿ. ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ, ನಮ್ಮ ದೇಶದ ಮಳೆಮಾಪಕಗಳನ್ನೆಲ್ಲ ನೋಡುವ ಹೊತ್ತಿಗೇ, ಅದರಲ್ಲಿ ನಿಂತ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆದು ಚೆಲ್ಲಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹತ್ತು ಮಿಲಿಮೀಟರ್ ಬಿದ್ದರೆ ಸಾವಿರ ಚದರ ಅಡಿಯ ಮಸೀದಿಯ ತಾರಸಿಯ ಮೇಲೆ ಒಂಬೈನೂರು ಲೀಟರಿಗೂ ಹೆಚ್ಚು ನೀರು ಬಿತ್ತೆಂದು ಲೆಕ್ಕ. ಎಷ್ಟು ಜನರ ವುಝೂಗೆ ಆಗುತ್ತದೆ ನೀವೇ ಯೋಚಿಸಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ. ಮರೆತ ದಿನ, ಊರಿಗೆ ಹೋದ ದಿನ ಸೊನ್ನೆ ಬರೆಯಬೇಡಿ, ನೋಡಲಿಲ್ಲ ಎಂದು ಬರೆಯಿರಿ. ಸಂಘದ ಹಾಸ್ಟೆಲಿನಲ್ಲಿ ಒಂದು, ಭದ್ರಾವತಿಯಲ್ಲಿ ಒಂದು ಡಬ್ಬಿ ಇರಲಿ. ಮುಂದಿನ ವರ್ಷ ಇದೇ ಸಭೆಗೆ ಆ ನೋಟ್‌ಬುಕ್ ತನ್ನಿ. ಪ್ರಾಧ್ಯಾಪಕರಿಗೆ ಬರೆಯುವ ಪತ್ರದಲ್ಲಿ ಆ ನೋಟ್‌ಬುಕ್ಕಿನ ವಿಷಯ ಒಂದು ಸಾಲು ಸೇರಿಸಿ. ಅಂಕಪಟ್ಟಿಯಿಂದ ತಿಳಿಯದ ಗುಣ ಅದರಿಂದ ಅವರಿಗೆ ತಿಳಿಯುತ್ತದೆ.

ಮಳೆ ಬಾರದ ವರ್ಷ ನಾವು ಬಯಲಿನಲ್ಲಿ ಸೇರಿ ನಮಾಝೆ ಇಸ್ತಿಸ್ಖಾ ಮಾಡಿ ದುಆ ಬೇಡುತ್ತೇವೆ. ಮಳೆ ಕೊಡುವವನು ಅಲ್ಲಾಹ್. ಬಂದ ಮಳೆಯ ಲೆಕ್ಕವನ್ನು ಸತ್ಯವಾಗಿ ಇಡುವುದು ನಮ್ಮ ಕೆಲಸ. ಬಾಗಿಲಲ್ಲಿ ಸಿಕ್ಕ ಆ ಹಿರಿಯರಿಗೆ ನನ್ನ ಉತ್ತರ: ಇದು ನಮ್ಮಂಥವರಿಗೆ ಆಗುವ ಕೆಲಸ, ಭಾಯಿ. ನಿಮ್ಮ ಮಗಳನ್ನು ತಡೆಯಬೇಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ ಅದನ್ನು ಪ್ರಾಮಾಣಿಕವಾಗಿ ಬಳಸುವ ಶಕ್ತಿಯನ್ನೂ ಕರುಣಿಸಲಿ. ಆಮೀನ್. ವಸ್ಸಲಾಮ್.